ಅಕ್ಕನ ಹೆಸರಿನ ಸಹಿ

ಅಂಚೆಯವನ ಕಾರ್ಡಿನ ಮೇಲೆ ಸರೋಜಮ್ಮ ಎಂದು ಸಹಿ ಹಾಕಿದವಳು ಸರೋಜಮ್ಮ ಅಲ್ಲ, ನಾನು. ಅವಳ ತಂಗಿ ಪದ್ಮ. ಮನೆ ಖಾಲಿ ಮಾಡಿ ಎಂದು ಓನರ್ ಕಡೆಯಿಂದ ಬಂದ ವಕೀಲರ ನೋಟಿಸನ್ನು ಅಕ್ಕನ ಹೆಸರು ಹೇಳಿ ತೆಗೆದುಕೊಂಡೆ, ಬಚ್ಚಿಟ್ಟೆ, ಆಮೇಲೆ — ಆಮೇಲೆ ಮಾಡಿದ್ದು ಅದಕ್ಕಿಂತ ಕೆಟ್ಟದ್ದು. ಮನೆ ಹೋಯಿತು. ಬಾಡಿಗೆ ಮನೆ, ಎಂದಾದರೂ ಬಿಡಲೇಬೇಕಿತ್ತು. ಹೋಗಬಾರದ್ದು ಇನ್ನೊಂದು ಹೋಯಿತು. ನಾಲ್ಕು ವರ್ಷದಿಂದ ಅದನ್ನು ಯಾರ ಹತ್ತಿರವೂ ಹೇಳಿಲ್ಲ.

ನಾನು ಓದಿದ್ದು ಐದನೇ ಕ್ಲಾಸು, ಅದೂ ಅರ್ಧ. ಬರೆಯುವುದನ್ನು ಕಲಿತದ್ದು ಶಾಲೆಯಲ್ಲಿ ಅಲ್ಲ, ಅಕ್ಕನ ಹತ್ತಿರ. ಸ್ಲೇಟಿನ ಮೇಲೆ ನನ್ನ ಕೈ ಹಿಡಿದು ತಿದ್ದಿಸುತ್ತಿದ್ದಳು. ನಾನು ಮೊದಲು ಬರೆದ ಹೆಸರು ನನ್ನದಲ್ಲ, ಅವಳದು. ಅವಳ ಬರಹವೇ ನನ್ನ ಬರಹವಾಯಿತು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಎಲ್ಲ ಅಲ್ಲಿಗೇ ಬಂದು ನಿಲ್ಲುತ್ತದೆ.

ಆ ಮನೆ ಶಿಡ್ಲಘಟ್ಟದ ಅಂಚಿನಲ್ಲಿ, ಹಿಪ್ಪುನೇರಳೆ ತೋಟಗಳು ಶುರುವಾಗುವ ಕಡೆ ಇತ್ತು. ಓನರ್ ಚಿಂತಾಮಣಿ ಊರಿನವರು, ರಿಟೈರಾದ ಮೇಷ್ಟ್ರು. ಭಾವ ತೀರಿಕೊಂಡ ಮೇಲೆ ಅಕ್ಕ, ಅವಳ ಮಗಳು ಶೋಭಾ, ಗಂಡನ ಮನೆ ಬಿಟ್ಟು ಬಂದ ನಾನು — ಮೂವರೂ ಹನ್ನೊಂದು ವರ್ಷ ಅಲ್ಲಿದ್ದೆವು. ಶೋಭಾ ಮದುವೆಯಾಗಿ ಚಿಕ್ಕಬಳ್ಳಾಪುರಕ್ಕೆ ಹೋದಳು. ಅವಳಿದ್ದ ಕೋಣೆಯಲ್ಲಿ ಅಕ್ಕ ರೇಷ್ಮೆ ಹುಳ ಸಾಕುವುದಕ್ಕೆ ಶುರುಮಾಡಿದಳು.

ಅಕ್ಕನ ನೆನಪಿನ ಶಕ್ತಿ ಬೀದಿಗೆಲ್ಲ ಗೊತ್ತಿತ್ತು. ಹುಳ ಪೊರೆ ಬಿಡುವ ಮೊದಲು ಸೊಪ್ಪು ತಿನ್ನದೆ ಮಲಗುತ್ತದೆ, ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತೇವೆ. ಯಾವ ತಟ್ಟೆಯ ಹುಳ ಯಾವ ಹೊತ್ತಿಗೆ ಜ್ವರಕ್ಕೆ ಕೂತಿತು, ಯಾವಾಗ ಎದ್ದಿತು, ಎಲ್ಲ ಅವಳ ತಲೆಯಲ್ಲೇ ಇರುತ್ತಿತ್ತು, ಒಂದು ಗೀಟೂ ಬರೆದಿಡುತ್ತಿರಲಿಲ್ಲ. ಪಕ್ಕದ ಮನೆಯವರು ತಮ್ಮ ಮಗು ಹುಟ್ಟಿದ ವಾರ ಮರೆತರೆ ಅವಳನ್ನು ಬಂದು ಕೇಳುತ್ತಿದ್ದರು. ನಾನೇ ಎಷ್ಟೋ ಸಲ ರೇಗಿಸಿದ್ದೇನೆ, ಏನಕ್ಕ, ನಿನ್ನ ತಲೆಯಲ್ಲಿ ತಾಲ್ಲೂಕು ಆಫೀಸೇ ಇದೆಯಲ್ಲ ಎಂದು.

ಮೇಷ್ಟ್ರಿಗೆ ಹುಳದ ವಾಸನೆ ಹಿಡಿಸುತ್ತಿರಲಿಲ್ಲ. ವಾಸಕ್ಕೆ ಕೊಟ್ಟ ಮನೆ, ಹುಳಕ್ಕಲ್ಲ ಎಂದು ಒಂದು ಸಲ ಹೇಳಿದ್ದರು. ಅಕ್ಕ ನಕ್ಕು, ಮುಂದಿನ ಬೆಳೆಗೆ ಬೇರೆ ಜಾಗ ನೋಡ್ತೀನಿ ಎಂದಿದ್ದಳು. ನೋಡಿರಲಿಲ್ಲ.

ನೋಟಿಸು ಬಂದ ದಿನ ಹುಳ ನಾಲ್ಕನೇ ಜ್ವರ ಎದ್ದು ಐದು ದಿನವಾಗಿತ್ತು. ಆ ವಾರ ಹುಳ ಹಗಲುರಾತ್ರಿ ತಿನ್ನುತ್ತದೆ. ಹುಳ ಸಾಕಿದವರಿಗೆ ಗೊತ್ತು, ಆಗ ಹೊರಗಿನವರನ್ನು ಒಳಗೆ ಬಿಡುವುದಿಲ್ಲ. ಹೊಸ್ತಿಲಿಗೆ ಸುಣ್ಣ, ಬ್ಲೀಚಿಂಗ್ ಪುಡಿ ಹಾಕಿರುತ್ತೇವೆ. ಕೈಕಾಲು ತೊಳೆದು ಒಳಗೆ ಹೋದವರು ಸೊಪ್ಪು ಹಾಕಿ ಮುಗಿಯುವ ತನಕ ಹೊರಗೆ ಬರುವುದಿಲ್ಲ. ಕೆಟ್ಟ ಸುದ್ದಿಯನ್ನೂ ಒಳಗೆ ಬಿಡುವುದಿಲ್ಲ. ಸಾವಿನ ಸುದ್ದಿ ಬಂದರೂ ಹುಳ ಹಣ್ಣಾಗುವ ತನಕ — ಮೈ ಹಳದಿಯಾಗಿ ಗೂಡು ಕಟ್ಟುವುದಕ್ಕೆ ತಯಾರಾಗುವ ತನಕ — ಬಾಗಿಲಲ್ಲೇ ನಿಲ್ಲಿಸಿಕೊಳ್ಳುವವರು ನಮ್ಮಲ್ಲಿದ್ದಾರೆ. ಅಕ್ಕ ಅಂಥವಳು.

ಅಂಚೆಯವನು ಹೊಸಬ. ಬ್ಲೀಚಿಂಗ್ ಪುಡಿಯ ಆಚೆ ನಿಂತು ಕೂಗಿದ.

“ಸರೋಜಮ್ಮ ಅಂದ್ರೆ ಯಾರು? ರಿಜಿಸ್ಟರ್ ಇದೆ. ಅವರೇ ಸಹಿ ಹಾಕ್ಬೇಕು.”

ಕವರಿನ ಮೇಲೆ ವಕೀಲರ ಮೊಹರು ಕಾಣಿಸಿತು. ತಕ್ಕಡಿಯ ಚಿತ್ರ. ನಾನು ಚಿಕ್ಕವಳಿದ್ದಾಗ ಅಪ್ಪನಿಗೆ ಇಂಥದ್ದೇ ಒಂದು ಕವರು ಬಂದಿತ್ತು, ಬದುವಿನ ಜಗಳದ್ದು. ಆಮೇಲೆ ಅಪ್ಪ ಸಾಯುವ ತನಕ ಕೋರ್ಟಿಗೆ ಅಲೆದ. ಮನೆಯಲ್ಲಿ ಯಾರಾದರೂ ಬಾಗಿಲು ತಟ್ಟಿದರೆ ಅಮ್ಮ ನಮ್ಮನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಿದ್ದಳು. ಆ ಭಯ ನನ್ನ ಮೈಯಿಂದ ಹೋಗಿಲ್ಲ.

ಒಳಗೆ ಅಕ್ಕ ಸೊಪ್ಪು ಹಾಕುತ್ತಿದ್ದಳು. ಹುಳ ತಿನ್ನುವ ಸದ್ದು, ಒಣಗಿದ ಎಲೆಯ ಮೇಲೆ ಸಣ್ಣ ಹನಿ ಬಿದ್ದ ಹಾಗೆ, ಬಾಗಿಲ ತನಕ ಕೇಳುತ್ತಿತ್ತು.

“ನಾನೇ,” ಎಂದೆ. ಪೆನ್ನು, ಕವರಿನ ಜೊತೆಯ ಕಾರ್ಡು ಕೊಟ್ಟ. ಒಂದೇ ಏಟಿಗೆ ಬರೆದೆ.

ಹುಳ ಹಣ್ಣಾಗಲಿ, ಹೇಳುತ್ತೇನೆ ಎಂದುಕೊಂಡೆ. ಅಷ್ಟರ ಮಟ್ಟಿಗೆ ಅದು ನಿಜ. ಕವರನ್ನು ನನ್ನ ಟ್ರಂಕಿನ ತಳಕ್ಕೆ ಹಾಸಿದ್ದ ಪೇಪರಿನ ಕೆಳಗೆ ತಳ್ಳಿದೆ. ನಾಲ್ಕು ದಿನಕ್ಕೆ ಹುಳ ಹಣ್ಣಾಯಿತು. ಅಕ್ಕನ ಜೊತೆ ಕೂತು ಒಂದೊಂದನ್ನೇ ಆಯ್ದು ಗೂಡು ಕಟ್ಟಿಸುವ ತಟ್ಟಿ ಚಂದ್ರಿಕೆಯ ಬಿದಿರಿನ ಸುತ್ತುಗಳಿಗೆ ಬಿಟ್ಟೆ. ಬಿಳಿ ಗೂಡು ಕಟ್ಟಿತು. ಬಿಡಿಸಿದೆವು, ಮಾರುಕಟ್ಟೆಗೆ ಹೋಯಿತು. ಕೋಣೆ ತೊಳೆದೆವು. ಈಗ ಬಾಗಿಲಲ್ಲಿ ಸುಣ್ಣವಿರಲಿಲ್ಲ, ಸುದ್ದಿಯನ್ನು ಹೊರಗೆ ನಿಲ್ಲಿಸಿಕೊಳ್ಳಲು ಯಾವ ನೆಪವೂ ಇರಲಿಲ್ಲ. ಬಾಯಿ ತೆರೆದೆ, ಎರಡು ಸಲ. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಅವಳು ಕೇಳುವುದು ಕಿವಿಗೆ ಮೊದಲೇ ಕೇಳಿಸಿತು. ಮುಚ್ಚಿಕೊಂಡೆ.

ಅದರಲ್ಲಿ ಏನು ಬರೆದಿದೆ ಎಂಬುದೂ ನನಗೆ ಗೊತ್ತಿರಲಿಲ್ಲ, ಬಿಡಿಸಿ ನೋಡಿದರೆ ಇಂಗ್ಲಿಷಿನಲ್ಲಿತ್ತು. ಶಿಡ್ಲಘಟ್ಟದಲ್ಲಿ ತೋರಿಸಿದರೆ ಅಕ್ಕನ ಕಿವಿಗೆ ಬೀಳುತ್ತದೆ. ಶೋಭಾಳನ್ನು ನೋಡಿ ಬರುತ್ತೇನೆಂದು ಹೇಳಿ ಬಸ್ಸು ಹತ್ತಿ ಚಿಕ್ಕಬಳ್ಳಾಪುರಕ್ಕೆ ಹೋದೆ. ಕೋರ್ಟಿನ ಆಚೆ ಬದಿಯಲ್ಲಿ ಅರ್ಜಿ ಟೈಪು ಮಾಡುವ ಮುದುಕರೊಬ್ಬರು ಕನ್ನಡಕ ಹಣೆಗೇರಿಸಿ ಓದಿದರು. ಮೇಷ್ಟ್ರ ಮಗಳು ಆ ಮನೆಗೆ ಬರುವವಳಿದ್ದಾಳೆ, ಆದ್ದರಿಂದ ತಿಂಗಳ ಕೊನೆಗೆ ಬಿಡಬೇಕು ಎಂದಿತ್ತು. ಕೋಣೆಯಲ್ಲಿ ಹುಳ ಸಾಕಿದ್ದೂ ಇತ್ತು. ಕೊನೆಯಲ್ಲಿ ಇನ್ನೊಂದು ಮಾತು — ಹದಿನೈದು ದಿನದ ಒಳಗೆ ಬಂದು ಮಾತಾಡಿದರೆ, ಹುಳ ತೆಗೆದು, ಇನ್ನೊಂದು ವರ್ಷ ಇರುವುದಕ್ಕೆ ಮೇಷ್ಟ್ರದು ಅಡ್ಡಿಯಿಲ್ಲ.

ನೋಟಿಸು ಬಂದು ಆ ದಿನಕ್ಕೆ ಹದಿನೆಂಟು ದಿನವಾಗಿತ್ತು.

ಹೋಗಿ ಕಾಲು ಹಿಡ್ಕೊಳ್ಳಮ್ಮ, ಮೂರು ದಿನ ತಡವಾದ್ರೆ ಏನೂ ಆಗಲ್ಲ, ಮೇಷ್ಟ್ರು ಅಂತೀಯಲ್ಲ, ಕೇಳ್ತಾರೆ ಎಂದರು ಅವರು. ಧೈರ್ಯ ಬಂತು. ಅಷ್ಟಕ್ಕೆ ಎದ್ದು ಬಂದಿದ್ದರೆ! ಬೇರೆ ಯಾರದೋ ವಿಷಯ ಎಂಬಂತೆ ಒಂದು ಮಾತು ಕೇಳಿದೆ. ಒಬ್ಬರ ಹೆಸರಲ್ಲಿ ಇನ್ನೊಬ್ಬರು ಸಹಿ ಹಾಕಿ ಇದನ್ನು ತಗೊಂಡಿದ್ದರೆ?

ಅವರು ಟೈಪು ಮಾಡುತ್ತಲೇ ಇದ್ದರು. “ಒಳಗೆ ಹಾಕ್ತಾರೆ. ಊಟ ಫ್ರೀ ಕಣಮ್ಮ,” ಎಂದು ನಕ್ಕರು.

ತಮಾಷೆಗೆ ಅಂದದ್ದು. ಈಗ ಗೊತ್ತು. ಆಗ ನಿಜವೆಂದೇ ನಂಬಿದೆ. ಆ ದಿನದಿಂದ ಖಾಕಿ ಬಟ್ಟೆ ಕಂಡರೆ ಸಂದಿಗೆ ತಿರುಗುತ್ತಿದ್ದೆ. ಸೈಕಲ್ಲಿನ ಗಂಟೆ ಕೇಳಿದರೆ ಕೈಲಿದ್ದ ಪಾತ್ರೆ ಜಾರುತ್ತಿತ್ತು. ಅಕ್ಕ ನನ್ನ ಹಣೆ ಮುಟ್ಟಿ ನೋಡಿ, ಹುಳದ ಜ್ವರ ನಿಂಗೆ ಬಂತೇನೇ ಎಂದು ಬೆಳ್ಳುಳ್ಳಿ ಸಾರು ಮಾಡಿ ಬಡಿಸಿದಳು. ಅದನ್ನು ಉಂಡೆ. ಆಗಲೂ ಹೇಳಲಿಲ್ಲ.

ತಿಂಗಳ ಕೊನೆಗೆ ಮೇಷ್ಟ್ರು ಬಂದರು. ನೀರಿನ ಟ್ಯಾಂಕರು ಬಂದ ಹೊತ್ತು, ಬೀದಿಯ ಹೆಂಗಸರೆಲ್ಲ ಬಿಂದಿಗೆ ಹಿಡಿದು ನಿಂತಿದ್ದರು. ಮಾತಾಡಬೇಡಿ ಎಂದು ವಕೀಲರು ಹೇಳಿದ್ದರಂತೆ, ಮನಸ್ಸು ತಡೆಯದೆ ಬಂದೆ ಎಂದರು. ನೋಟಿಸು ಕೊಟ್ಟು ತಿಂಗಳಾಯ್ತು, ಒಂದು ಮಾತು ಹೇಳಿ ಕಳಿಸಬಾರದಿತ್ತೇ ಎಂದು ಕೇಳಿದರು.

ಅಕ್ಕ ಬಿಂದಿಗೆ ಕೆಳಗಿಟ್ಟಳು. “ಯಾವ ನೋಟಿಸು ಮೇಷ್ಟ್ರೇ? ನನ್ನ ಬಾಗಿಲಿಗೆ ಯಾವ ನೋಟಿಸೂ ಬಂದಿಲ್ಲ. ವಯಸ್ಸಾದೋರು ನೀವು, ಬೀದೀಲಿ ನಿಂತ್ಕೊಂಡು ಸುಳ್ಳು ಹೇಳಬೇಡಿ.”

ಮೇಷ್ಟ್ರ ಮುಖ ಕೆಂಪಾಯಿತು. ಸಹಿಯಾಗಿ ವಕೀಲರಿಗೆ ವಾಪಸು ಹೋಗಿದ್ದ ಆ ಕಾರ್ಡನ್ನು ಫೈಲಿನಿಂದ ತೆಗೆದು ಅವಳ ಮುಂದೆ ಹಿಡಿದರು. “ಏಮ್ಮಾ ಸರೋಜಮ್ಮ, ಇಂತ ಅಬದ್ಧಮಾ?” ಎಂದರು. ಸಿಟ್ಟು ಬಂದಾಗ ಅವರಿಗೆ ತೆಲುಗೇ ಬರುವುದು. ಇಷ್ಟು ದೊಡ್ಡ ಸುಳ್ಳಾ ಎಂದು.

ಅಕ್ಕ ಕಾರ್ಡನ್ನು ಕೈಗೆ ತೆಗೆದುಕೊಂಡಳು. ಬಿಸಿಲಿಗೆ ಹಿಡಿದಳು. ನಾನು ಅವಳ ಹಿಂದೆ, ಎರಡು ಹೆಜ್ಜೆ ದೂರದಲ್ಲಿ ನಿಂತಿದ್ದೆ. ಈಗ ತಿರುಗುತ್ತಾಳೆ, ಈಗ ನನ್ನ ಕಡೆ ನೋಡುತ್ತಾಳೆ ಎಂದು ಕಾದೆ. ತಿರುಗಲಿಲ್ಲ. ಟ್ಯಾಂಕರಿನ ನೀರು ಯಾರದೋ ಬಿಂದಿಗೆ ತುಂಬಿ ಹೊರಗೆ ಹರಿಯುತ್ತಿತ್ತು.

“ಸಹಿ ನಂದೇ,” ಎಂದಳು.

ಸುಳ್ಳು ಹೇಳಬೇಡಿ ಎಂದ ಬಾಯಲ್ಲೇ ಬೀದಿಯ ಎದುರು ಅವರ ಕ್ಷಮೆ ಕೇಳಿದಳು. ಮೇಷ್ಟ್ರಿಗೇ ಕೆಡುಕೆನಿಸಿ, ಇರಲಿ ಬಿಡಮ್ಮ, ಇನ್ನೆರಡು ತಿಂಗಳು ಇದ್ದು ಹೋಗಿ ಎಂದರು. ಅಕ್ಕ ಒಪ್ಪಲಿಲ್ಲ. ಹತ್ತೇ ದಿನಕ್ಕೆ ಖಾಲಿ ಮಾಡಿ ಚಿಕ್ಕಬಳ್ಳಾಪುರಕ್ಕೆ, ಶೋಭಾಳ ಮನೆಯ ಹತ್ತಿರ ಒಂದು ಕೋಣೆಗೆ ಬಂದೆವು.

ಆದರೆ ನಾನು ಹೇಳಬೇಕಾದದ್ದು ಆ ಮಧ್ಯಾಹ್ನದ್ದು, ಮೇಷ್ಟ್ರು ಹೋದ ಮೇಲಿನದು. ಅಕ್ಕ ಹುಳದ ಖಾಲಿ ಕೋಣೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ತನ್ನ ಬಲಗೈಯನ್ನೇ ನೋಡಿಕೊಳ್ಳುತ್ತಿದ್ದಳು, ಬೇರೆಯವರ ಕೈ ಎಂಬಂತೆ.

“ಸಹಿ ನಾನ್ಯಾವಾಗ ಹಾಕ್ದೆ ಪದ್ದಿ? ನಂಗೆ ನೆನಪೇ ಇಲ್ಲ ಕಣೇ.”

ಅವಳು ನನ್ನನ್ನು ಅನುಮಾನಿಸಲಿಲ್ಲ. ಅವಳಿಗೆ ಅದು ಹೊಳೆಯಲೇ ಇಲ್ಲ. ನನ್ನನ್ನು ಅನುಮಾನಿಸುವ ಮೊದಲು ತನ್ನ ತಲೆಯನ್ನೇ ಅನುಮಾನಿಸಿದಳು. ಒಂದು ಮಾತಿನಲ್ಲಿ ಎಲ್ಲ ಸರಿಹೋಗುತ್ತಿತ್ತು. ಆ ಮಾತು ನಾಲಿಗೆಗೆ ಬಂತು, ಅದರ ಹಿಂದೆಯೇ ಟೈಪಿನ ಮುದುಕರ ನಗುವೂ ಬಂತು. ನಾನು ಅಂದದ್ದು ಇದು:

“ಹುಳದ ಗಡಿಬಿಡೀಲಿ ಹಾಕಿರ್ತೀಯ ಬಿಡಕ್ಕ. ಮರೆತಿರ್ತೀಯ.”

ನೋಟಿಸು ಬಚ್ಚಿಟ್ಟದ್ದು ಭಯಕ್ಕೆ. ಇದೂ ಭಯಕ್ಕೇ. ಆದರೆ ಎರಡೂ ಒಂದೇ ಅಲ್ಲ. ಮೊದಲನೆಯದರಲ್ಲಿ ಅವಳ ಮನೆ ತೆಗೆದೆ. ಎರಡನೆಯದರಲ್ಲಿ —

ಅಂದಿನಿಂದ ಅಕ್ಕ ತನ್ನನ್ನು ನಂಬುವುದನ್ನು ಬಿಟ್ಟಳು. ಬೀಗ ಹಾಕಿ ನಾಲ್ಕು ಹೆಜ್ಜೆ ಹೋಗಿ ಹಿಂದೆ ಬಂದು ಜಗ್ಗಿ ನೋಡುತ್ತಾಳೆ. ಗ್ಯಾಸು ಆರಿಸಿದೆನಾ ಎಂದು ದಿನಕ್ಕೆ ಹತ್ತು ಸಲ ಕೇಳುತ್ತಾಳೆ. ಹಾಲಿನವನು ಬಂದದ್ದನ್ನು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗೀಟು ಹಾಕುತ್ತಾಳೆ, ಒಂದು ಗೀಟೂ ಬರೆದಿಡದಿದ್ದ ನನ್ನ ಅಕ್ಕ. ಹತ್ತಿರದ ಕಳವಾರ ಊರಿನವರೊಬ್ಬರು ತಮ್ಮ ಹುಳದ ಮನೆ ನೋಡಿಕೊಳ್ಳಲು ಕರೆದರು. ಮರೆಯೋಳು ಹುಳ ಮುಟ್ಟಬಾರದು, ಒಂದು ಹೊತ್ತಿನ ಸೊಪ್ಪು ತಪ್ಪಿದ್ರೆ ಪಾಪ ಸುತ್ಕೊಳ್ಳತ್ತೆ ಎಂದು ಹೇಳಿ ಕಳಿಸಿದಳು. ಅವರು ಹೋದ ಮೇಲೆ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು.

ಈಗ ಶೋಭಾ ಅವಳನ್ನು ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದಾಳೆ, ಮರೆವಿನ ಡಾಕ್ಟರ ಹತ್ತಿರ. ಬುಧವಾರ. ತಲೆಯನ್ನು ಮಿಷನ್ನಿನಲ್ಲಿಟ್ಟು ನೋಡುತ್ತಾರಂತೆ. ಮರೆವು ಯಾವಾಗ ಶುರುವಾಯಿತು ಎಂದು ಡಾಕ್ಟರು ಕೇಳಿದರೆ ಏನು ಹೇಳಬೇಕೆಂದು ನಿನ್ನೆ ತಾಯಿ ಮಗಳು ಮಾತಾಡಿಕೊಂಡರು. ನಾನು ಅಕ್ಕಿ ಆರಿಸುತ್ತಾ ಕೂತಿದ್ದೆ. “ಆ ನೋಟಿಸಿನಿಂದ,” ಎಂದಳು ಅಕ್ಕ. “ಅದೇ ಮೊದಲ್ನೇದು.”

ಈಗ ನನಗಿರುವ ಭಯ ಜೈಲಿನದಲ್ಲ. ಇದನ್ನು ಹೇಳಿದರೂ ಅವಳು ನಂಬಲಿಕ್ಕಿಲ್ಲ. ನನ್ನ ಸಮಾಧಾನಕ್ಕೆ ಹೇಳ್ತಿದ್ದೀಯ ಕಣೇ, ನಿನ್ನ ಒಳ್ಳೆ ಮನಸ್ಸು ಅದು ಎನ್ನುತ್ತಾಳೆ. ನಾಲ್ಕು ವರ್ಷ ನಾನೇ ನಂಬಿಸಿದ್ದನ್ನು ಈಗ ನಾನೇ ಹೇಗೆ ಬಿಡಿಸಲಿ? ಅದಕ್ಕಿಂತ ದೊಡ್ಡ ಭಯ ಇನ್ನೊಂದಿದೆ. ತನ್ನನ್ನು ಅನುಮಾನಿಸಿಕೊಂಡೇ ಬದುಕಿದವರ ನೆನಪು ನಿಜವಾಗಿಯೂ ಹೋಗಿಬಿಡುತ್ತದೆಯೋ ಏನೋ. ಕಳೆದ ತಿಂಗಳು ಅವಳು ಭಾವನ ಹೆಸರಿಗೆ ಒಂದು ಗಳಿಗೆ ತಡವರಿಸಿದಳು. ಅದು ಬರೀ ವಯಸ್ಸೋ, ನಾನು ಮಾಡಿದ್ದೋ, ಯಾವ ಮಿಷನ್ನೂ ನನಗೆ ಹೇಳಲಾರದು.

ಟ್ರಂಕಿನ ತಳದ ಪೇಪರು ಎತ್ತಿದೆ. ಕವರು ಅಲ್ಲೇ ಇದೆ, ಅಂಚು ಹಳದಿಯಾಗಿದೆ. ನಾಳೆ ಬೆಳಿಗ್ಗೆ, ಶೋಭಾಳನ್ನೂ ಕರೆಸಿ, ಅಕ್ಕನ ಮುಂದೆ ಅದನ್ನಿಡುತ್ತೇನೆ. ಅಷ್ಟಕ್ಕೆ ನಂಬಲಾರಳು. ಒಂದು ಬಿಳಿ ಹಾಳೆ ಕೊಟ್ಟು, ಸಹಿ ಹಾಕಕ್ಕ ಎನ್ನುತ್ತೇನೆ. ಅವಳು ಹಾಕಿದ ಮೇಲೆ ಅವಳ ಕಣ್ಣೆದುರೇ ಕೆಳಗೆ ನಾನು ಬರೆಯುತ್ತೇನೆ, ಸರೋಜಮ್ಮ. ಅವಳು ಎರಡನ್ನೂ ನೋಡಲಿ. ಮೇಷ್ಟ್ರಿಗೆ ಶೋಭಾಳ ಫೋನಿನಿಂದಲೇ ಹೇಳುತ್ತೇನೆ, ನನ್ನ ಅಕ್ಕ ಅಂದು ಬೀದಿಯಲ್ಲಿ ಸುಳ್ಳು ಹೇಳಿರಲಿಲ್ಲ ಎಂದು. ಆಮೇಲೆ ಅವಳು ಹೊರಗೆ ಹೋಗು ಎಂದರೆ ಹೋಗುತ್ತೇನೆ. ಅದಕ್ಕೆ ನೋಟಿಸು ಬೇಕಾಗಿಲ್ಲ.

ಇಷ್ಟು ಬರೆದು, ಈ ಹಾಳೆಯ ಹಿಂದೆಯೇ ಅವಳ ಹೆಸರನ್ನು ಬರೆದು ನೋಡಿದೆ. ಅಕ್ಷರ ಅಲುಗಾಡಿ ಎಲ್ಲೆಲ್ಲೋ ಹೋಯಿತು. ಹೀಗೆ ಬಂದರೆ ಅವಳು ನಂಬುವುದಿಲ್ಲ. ಮತ್ತೆ ಬರೆದೆ, ಮತ್ತೆ ಬರೆದೆ.

ಅವತ್ತು ಅಂಚೆಯವನ ಮುಂದೆ ನನ್ನ ಕೈ ಒಂದಿಷ್ಟೂ ನಡುಗಿರಲಿಲ್ಲ. ನಾಳೆಯೂ ನಡುಗಬಾರದು.