ಚಂದಂಗ ತಿದ್ದಿದ ಸಾಕ್ಷಿ

ಗೋವಾದ ಕೋರ್ಟಿನಾಗ ಕನ್ನಡ ಸಾಕ್ಷಿಗಳ ಮಾತು ಇಂಗ್ಲಿಷಿನಾಗ ಹೇಳೋ ದುಭಾಷಿ ನಾನು, ಇಪ್ಪತ್ತು ವರ್ಷಾತು. ಮೂರು ವರ್ಷದ ಹಿಂದ ಸೇರಿದ ಇನ್ನೊಬ್ಬ ದುಭಾಷಿ ಮೃದುಲಾನ ಕಂಡ್ರ ಹೊಟ್ಟಿ ಉರೀತದ. ಮೇಸ್ತ್ರಿ ಮೈಮ್ಯಾಲ ಕೈ ಹಾಕಿದ ಕೇಸಿನಾಗ ಕೆಪೆ ಊರಿನ ಕೂಲಿಯವರ ಕೂಸು, 'ಚಪ್ಪಲಿ ಅಲ್ಲೇ ಬಿತ್ರಿ, ಅವ್ವ ಹೊಡೀತಾಳಂತ ಅತ್ತೆ' ಅಂತು. ಮೃದುಲಾ ಅದನ್ನೂ ಬಿಡದ ಇಂಗ್ಲಿಷಿನಾಗ ಹೇಳಿದ್ಲು.

'ಚಪ್ಪಲಿ ಕಟಗೊಂಡು ಜಡ್ಜರಿಗೇನ ಆಗಬೇಕವಾ?' ಅಂತ ನಾ ನಕ್ಕೆ. ಅಂಥಾದ ಇನ್ನೊಂದು ಕೇಸಿನಾಗ ನಾ ಹುಡುಗಿ ಮಾತು ವಕೀಲರ ಭಾಷಾಕ್ಕ ಚಂದಂಗ ತಿದ್ದಿದ್ದೆ.

ಈ ವಾರ ಎರಡೂ ಅಪೀಲಿನ ತೀರ್ಪು ಬಂದ್ವು. ಮೃದುಲಾನ ಕೇಸಿಂದು: 'ಇದು ಮಗುವಿನದೇ ಮಾತು. ಶಿಕ್ಷೆ ಖಾಯಂ.' ಎಲ್ಲಾರೂ ಅಕಿಗೆ ಚಹಾ ಕುಡಿಸಿದ್ರು. ನಾ ಹಲ್ಲು ಕಡಕೋತ ನನ್ನದು ತೆರೆದೆ. 'ಮಗು ಹೀಗೆ ಮಾತನಾಡುವುದಿಲ್ಲ. ಯಾರೋ ಹೇಳಿಕೊಟ್ಟಿದ್ದಾರೆ. ಆರೋಪಿ ಬಿಡುಗಡೆ.'

ಹುಡುಗಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಆ ಮಾತು ನನ್ನವು.