ನೆಗೆಯುವ ರಾಜ

ನಮ್ಮ ಚದುರಂಗದ ಪ್ರೋಗ್ರಾಮನ್ನು ನಾನು ಮುಖ್ಯವಾಗಿ ಯೋಜನೆ ಹಾಕಿಯೇ ಸುಧಾರಿಸುತ್ತಾ ಬಂದಿದ್ದೇನೆ. ಯಾರು ಬೇಕಾದರೂ ತೆರೆದು ನೋಡಿ, ತಿದ್ದಿ, ಬಳಸಬಹುದಾದ ಮುಕ್ತ ತಂತ್ರಾಂಶ ಅದು. ದೇಶವಿದೇಶದ ಕೆಲವರು ಸೇರಿ ತಿದ್ದುತ್ತಾರೆ. ನಾನು ಹೊನ್ನಾಳಿಯಲ್ಲಿ ಗಣಿತ ಪಾಠ ಮುಗಿಸಿ ಬಂದು, ಮುಂದಿನ ಆವೃತ್ತಿ ಇನ್ನೂ ಆಳವಾಗಿ ಯೋಚಿಸಬೇಕು ಎಂದು ಬರೆದಿಡುತ್ತೇನೆ. ಅಷ್ಟರಲ್ಲಿ ಊಟದ ಹೊತ್ತಾಗುತ್ತದೆ.

ತೊಂದರೆ ಶುರುವಾದದ್ದು ನನ್ನ ಹೆಂಡತಿ ಗಿರಿಜಾ ಅದರೆದುರು ಆಡಲು ಕುಳಿತಾಗ. ಅವಳು ಕೆರೆಬಿಳಚಿಯವಳು, ಆಟ ಕಲಿತದ್ದು ಅಪ್ಪನಿಂದ. ಆ ಮನೆಯ ರಾಜ, ಅದುವರೆಗೆ ಚೆಕ್ ಬೀಳದಿದ್ದರೆ, ಒಂದೇ ಒಂದು ಸಲ ಕುದುರೆಯಂತೆ ನೆಗೆಯಬಹುದು. ಪ್ರೋಗ್ರಾಮ್ ‘ತಪ್ಪು ನಡೆ’ ಎಂದಿತು.

“ರಾಜ ಅಂತೀರಿ, ಒಂದ್ ಸಲ ನೆಗಿಯಾಕೂ ಅವನಿಗೆ ಅಧಿಕಾರ ಇಲ್ಲೇನ್ರೀ? ಇದು ಸರಿ ಆಗೋ ತನಕ ನಿಮ್ ಜೊತೆನೂ ಆಡಲ್ಲ.”

ಮದುವೆಯಾದಾಗಿನಿಂದ ಸಂಜೆ ಚಹಾದ ನಂತರ ಹಾಸುತ್ತಿದ್ದ ಮರದ ಮಣೆ ಅಟ್ಟ ಸೇರಿತು. ನನಗೆ ನಿಜಕ್ಕೂ ಸಂಕಟವಾಯಿತು. ದಿನವೂ ಸೋಲುತ್ತಿದ್ದೆ, ನಿಜ. ಆದರೆ ಸೋಲುವುದಕ್ಕೂ ಒಂದು ಹೊತ್ತು ಅಂತ ಇತ್ತು.

ಚದುರಂಗ ಈ ನೆಲದಲ್ಲೇ ಹುಟ್ಟಿ, ಪರ್ಷಿಯಾ ದಾಟಿ, ಯುರೋಪಿನಲ್ಲಿ ಹೊಸ ನಿಯಮ ಕಲಿತು ವಾಪಸು ಬಂದಿತೆಂದು ಬಲ್ಲವರು ಹೇಳುತ್ತಾರೆ. ಆ ಸುದ್ದಿ ನನ್ನ ಮಾವನವರಿಗೆ ಇನ್ನೂ ತಲುಪಿಲ್ಲ. ಇದನ್ನೆಲ್ಲ ವಿವರಿಸಿ, ರಾಜನಿಗೆ ನೆಗೆಯಲು ಬಿಡಿ ಎಂದು ಪ್ರೋಗ್ರಾಮ್ ತಿದ್ದುವವರ ಬಳಗಕ್ಕೆ ಬರೆದೆ. ಎಲ್ಲಿಯೋ ಇರುವ ಒಬ್ಬರು ‘ಇದು ಚದುರಂಗವಲ್ಲ’ ಎಂದು ಉತ್ತರಿಸಿ ಚರ್ಚೆ ಮುಗಿಸಿದರು. ಗಿರಿಜಾಗೆ ಹೇಳಿದೆ.

“ಅವರನ್ನ ಕೆರೆಬಿಳಚಿಗೆ ಕರ್ಕೊಂಡ್ ಬರ್ರಿ. ಚದುರಂಗ ಅಂದ್ರೆ ಹೆಂಗೈತೆ ಅಂತ ನಮ್ಮಪ್ಪ ತೋರಿಸ್ತಾರೆ.”

ಮುಕ್ತ ತಂತ್ರಾಂಶದಲ್ಲಿ ಒಂದು ಅನುಕೂಲವಿದೆ. ಮನಸ್ತಾಪ ಬಂದರೆ ಅಣ್ಣತಮ್ಮಂದಿರಂತೆ ಬೇರೆಯಾಗಬಹುದು. ಪಾತ್ರೆಪಗಡದ ಜಗಳವಿಲ್ಲ, ಇಬ್ಬರಿಗೂ ಎಲ್ಲವೂ ಇಡಿಯಾಗಿ ಸಿಗುತ್ತದೆ. ನಾನೂ ಪೂರ್ತಿ ನಕಲು ಮಾಡಿಕೊಂಡು ಬೇರೆಯಾದೆ. ಜೀವನದಲ್ಲಿ ಮೊದಲ ಸಲ ಯೋಜಿಸದೆ ಕೆಲಸ ಮಾಡಿದೆ. ರಾಜ ನೆಗೆದ.

ಗಿರಿಜಾ ಹುಮ್ಮಸ್ಸಿನಿಂದ ಕುಳಿತಳು. ಅವಳು ತನ್ನ ರಾಜನನ್ನು ನೆಗೆಸಿ, ಆನೆ ಮಂತ್ರಿಗಳಿಂದ ಬಲೆ ಬೀಸಿದಳು. ಚೆಕ್ ಬೀಳುವ ಮುನ್ನವೇ ಪ್ರೋಗ್ರಾಮಿನ ರಾಜನೂ ನೆಗೆದು ಬಲೆಯಿಂದಾಚೆ ಕುಳಿತ. ಕೊನೆಗೆ ಅವಳೇ ಸೋತಳು.

“ಇದಕ್ಕೆ ಈ ನೆಗಿಯೋದು ಹೇಳ್ಕೊಟ್ಟೋರು ಯಾರ್ರೀ?”

ನಾನು ಚಹಾಕ್ಕೆ ನೀರಿಡಲು ಎದ್ದೆ. ಅವಳು ಅಟ್ಟದಿಂದ ಮಣೆ ಇಳಿಸಿ, ಧೂಳು ಒರೆಸಿ, “ಬರ್ರಿ ಹಂಗಾದ್ರೆ” ಎಂದಳು. ಚಹಾ ಆರುವ ಮೊದಲೇ ಸೋತೆ. ಎಷ್ಟು ಸಮಾಧಾನವಾಯಿತೆಂದರೆ, ಮುಂದಿನ ಆವೃತ್ತಿಯ ಯೋಜನೆಯನ್ನೆಲ್ಲ ಅಳಿಸಿಬಿಟ್ಟೆ. ಪ್ರೋಗ್ರಾಮ್ ಈಗ ಸರಿಯಾಗಿಯೇ ಇದೆ. ಸುಧಾರಿಸಬೇಕಾದವನು ನಾನೊಬ್ಬನೇ, ಅದಕ್ಕೂ ಅಂಥ ಅವಸರವೇನಿಲ್ಲ.