ಮೂರನೇ ಪರದೆಯ ವಿಳಾಸ

ಹಳೆಯ ಗ್ರಾಫಿಕ್ಸ್ ಕಾರ್ಡು ಬಿಸಿಯಾದಾಗ ಅದರ ಮೇಲಿನ ಧೂಳು ಸುಟ್ಟು ಒಂದು ವಾಸನೆ ಬರುತ್ತದೆ. ಇವತ್ತು ಬೆಳಿಗ್ಗೆ ಸಿಂಧನೂರಿನ ನಮ್ಮ ಮನೆಯಲ್ಲಿ ಅದು, ಪಕ್ಕದ ಮಿಲ್ಲಿನಲ್ಲಿ ಭತ್ತ ಬೇಯುವ ವಾಸನೆಯೊಂದಿಗೆ ಬೆರೆತು ಮೂಗಿಗೆ ಬಡಿಯಿತು.

ಅವ್ವ ಅಡುಗೆಮನೆಯಿಂದಲೇ ಕೂಗಿದಳು: "ಏನ್ ಸುಡಾಕತ್ತೀಬೇ?"

"ಹಳೇದೊಂದು, ಯವ್ವಾ."

"ಸುಡು. ಪೂರಾ ಸುಡು."

ಕಾರ್ಡು ಏನೆಂದು ಅವ್ವನಿಗೆ ಗೊತ್ತಿಲ್ಲ. ನಾನು ಯಾರ ಕೆಲಸ ನೋಡುತ್ತಿದ್ದೇನೆಂಬುದು ಮಾತ್ರ ಗೊತ್ತಿತ್ತು.

ಕಂಪ್ಯೂಟರಿನಲ್ಲಿ ಆ ಕಾರ್ಡನ್ನು ನಡೆಸುವ ತಂತ್ರಾಂಶಕ್ಕೆ ಡ್ರೈವರ್ ಎನ್ನುತ್ತಾರೆ; ಯಾರು ಬೇಕಾದರೂ ಅದಕ್ಕೆ ತಿದ್ದುಪಡಿ ಕಳಿಸಬಹುದು. ಪರಿಶೀಲಿಸಿ ಒಪ್ಪಿಗೆ ಕೊಡುವವಳು ನಾನು. ಯಾರು ಬೇಕಾದರೂ ಎಂದರೆ ವೀರೇಶನೂ ಎಂದು ನಾನು ಯೋಚಿಸಿರಲಿಲ್ಲ. ವೀರೇಶ ಒಂದು ಕಾಲಕ್ಕೆ ನನ್ನ ಗಂಡ.

ವಿಷಯ ಸಣ್ಣದು, ಬೇಸರಪಡಬೇಡಿ. ಕಾರ್ಡಿನ ಚಿಪ್‌ನೊಳಗೆ ರಿಜಿಸ್ಟರ್ ಎಂಬ ಗೂಡುಗಳಿರುತ್ತವೆ, ಒಂದೊಂದಕ್ಕೂ ಒಂದು ವಿಳಾಸ. ಸರಿಯಾದ ಗೂಡಿಗೆ ಸರಿಯಾದ ಸಂಖ್ಯೆ ಹಾಕಿದರೆ ಪರದೆ ಬೆಳಗುತ್ತದೆ. ಕಾರ್ಡಿಗೆ ನಾಲ್ಕು ಪರದೆ ಜೋಡಿಸುವಂತಿದ್ದರೆ ನಾಲ್ಕರ ಗೂಡುಗಳೂ ಸಾಮಾನ್ಯವಾಗಿ ಸಮ ಅಂತರದಲ್ಲಿರುತ್ತವೆ. ಆಗ ನಾಲ್ಕು ವಿಳಾಸ ಬರೆಯುವ ಬದಲು ಒಂದೇ ಸೂತ್ರ ಬರೆಯುತ್ತೇವೆ: ಮೊದಲನೆಯದರಿಂದ ಇಷ್ಟಿಷ್ಟು ದೂರಕ್ಕೆ ಒಂದೊಂದು. ಅದೇ ಮ್ಯಾಕ್ರೊ. ಆದರೆ ಈ ಕಾರ್ಡಿನಲ್ಲಿ ಮೂರನೆಯದು ಆ ಅಳತೆಗೆ ಸಿಗದೆ ಬೇರೆಲ್ಲೋ ಕುಳಿತಿದೆ. ಅದಕ್ಕೆಂದೇ ಒಂದು ಪ್ರತ್ಯೇಕ ಸಾಲು ಇತ್ತು. ವೀರೇಶ ಆ ಸಾಲು ಕಿತ್ತು, ನಾಲ್ಕನ್ನೂ ಒಂದೇ ಮ್ಯಾಕ್ರೊದೊಳಗೆ ತುರುಕಿ, ಕೆಳಗೆ ಬರೆದಿದ್ದ: "ಎಲ್ಲವೂ ಸಮ ಅಂತರದಲ್ಲಿವೆ. ಅಚ್ಚುಕಟ್ಟು ಮಾಡಿದ್ದೇನೆ, ಅಷ್ಟೇ."

ಸಮ ಎಂದರೆ ನನಗೆ ಮಸ್ಕಿ ನೆನಪಾಗುತ್ತದೆ. ಅವನ ಊರು ಲಿಂಗಸುಗೂರು, ನನ್ನದು ಸಿಂಧನೂರು. ನಮ್ಮ ಗಂಡ-ಹೆಂಡಿರ ಜಗಳದ ಪಂಚಾಯ್ತಿ ನಡುವಿನ ಮಸ್ಕಿಯಲ್ಲಾಗಲಿ, ಯಾರಿಗೂ ದೂರವಾಗದು ಎಂದು ಹಿರಿಯರು ಗೊತ್ತುಮಾಡಿದರು. ಬೀಗರೊಬ್ಬರ ಗೊಬ್ಬರದ ಅಂಗಡಿಯ ಹಿಂದಿನ ಖೋಲಿ. ಚೀಲಗಳ ಮೇಲೆ ಕುಳಿತು ಚಹಾ ಕುಡಿದೆವು. ಅವನ ಕಾಕಾ ಶುರುಮಾಡಿದರು: "ನೋಡವಾ, ಅವಂದೂ ತಪ್ಪೈತಿ, ನಿಂದೂ ತಪ್ಪೈತಿ. ಸಮಾಸಮ. ಮರತುಬಿಡ್ರಿ."

ನನ್ನ ಅಕ್ಕ ಕಪ್ಪು ಕೆಳಗಿಟ್ಟಳು. "ತೂಕ ಯಾರು ಮಾಡಿದ್ರು ರೀ ಕಾಕಾ? ಈ ಗೊಬ್ಬರದ ತಕ್ಕಡಿಯಾಗೇನು?"

ಎಲ್ಲರೂ ನಕ್ಕರು. ವೀರೇಶನೂ ನಕ್ಕ. ನಕ್ಕು ಹೇಳಿದ: "ಆಕಿಗೇನು ಕಮ್ಮಿ ಮಾಡೀನ್ರೀ? ನಾ ಕೆಲಸ ಮಾಡ್ತೀನಿ, ಆಕಿ ಬಾಜೂಕ ಕುಂತು ಜರಾ ಮದತ್ ಮಾಡ್ತಾಳ."

ಬಾಜೂಕ ಕುಂತವಳು ನಾನು. ಆ ಡ್ರೈವರನ್ನು ಅರ್ಧ ಬರೆದವಳು. ಮೂರನೆಯ ಪರದೆ ಯಾಕೆ ಬೆಳಗುತ್ತಿಲ್ಲವೆಂದು ಲಿಂಗಸುಗೂರಿನ ಬಾಡಿಗೆ ಮನೆಯಲ್ಲಿ, ಒಲೆಯ ಮೇಲಿನ ಸಾರು ಹೊತ್ತಿಸಿಕೊಂಡು, ಒಂದೊಂದೇ ವಿಳಾಸ ತಡಕಾಡಿ ಕಂಡುಹಿಡಿದವಳು. ಹೀಗೆಂದು ಎಲ್ಲರಿಗೂ ಹೇಳಿದ್ದೇನೆ. ಎಷ್ಟು ಸಲ ಹೇಳಿದ್ದೇನೆಂದರೆ, ಹೊತ್ತಿದ್ದು ಸಾರೋ ಅನ್ನವೋ ಎಂಬುದು ಈಗ ಕೇಳುವವರ ಮುಖ ನೋಡಿ ಬದಲಾಗುತ್ತದೆ. ನೀವೂ ಪೂರ್ತಿ ನಂಬಬೇಡಿ.

ತಿದ್ದುಪಡಿ ಬೇಡವೆಂದರೆ ಹಳೆಯ ಗಂಡನ ಮೇಲಿನ ಸಿಟ್ಟು ಎನ್ನುತ್ತಾರೆ. ಸರಿ ಎಂದರೆ ನನ್ನದೆಂದು ಉಳಿದ ಆ ಒಂದು ಸಾಲೂ ಹೋಗುತ್ತದೆ. ಎಲ್ಲೋ ಯಾರದೋ ಪರದೆ ಆರುತ್ತದೆ. ಇದಕ್ಕಿಂತ ದೊಡ್ಡ ಭಯ ಇನ್ನೊಂದು: ಮೂರನೆಯದು ಬೇರೆ ಎಂಬುದು ಬರೀ ನನ್ನ ಕಹಿಯಾಗಿದ್ದರೆ? ಅದಕ್ಕೇ ಕಾರ್ಡನ್ನು ಅಟ್ಟದಿಂದ ಇಳಿಸಿದ್ದು. ಎರಡು ಮಾನಿಟರು ನನ್ನವು. ಮೂರನೆಯದಕ್ಕೆ ಅವ್ವನ ಟಿವಿ ಜೋಡಿಸಿದೆ. ಅವನ ತಿದ್ದುಪಡಿ ಹಾಕಿ ಶುರುಮಾಡಿದೆ. ಎರಡು ಬೆಳಗಿದವು.

"ನನ್ನ ಟೀವಿ ಯಾಕ ಕರ್ರಗಾತಬೇ?"

ನಾನು ಗೆದ್ದಿದ್ದೆ. ಗೆಲುವಿನ ಜೊತೆಗೇ, ಯಾರಿಗೂ ಹೇಳದಿದ್ದ ಒಂದು ತುಣುಕು ಎದ್ದು ಬಂತು. ಇಂಥದೇ ಕಪ್ಪು ಪರದೆ, ಲಿಂಗಸುಗೂರು, ನನ್ನ ಬೆನ್ನ ಹಿಂದೆ ಊಟದ ತಾಟು ಹಿಡಿದು ನಿಂತ ವೀರೇಶ, ಬಾಯಲ್ಲಿ ರೊಟ್ಟಿ: "ಅದೊಂದು ಬ್ಯಾರೆ ಐತಿ ಕಾಣ್ತದ ಲೇ. ಎಲ್ಲಾರ ಜೋಡಿ ನಿಂದರಸಬ್ಯಾಡ. ಹಾಂಗ ಬಿಡು."

ಅವನೇ ಅಂದನೇ? ಅಥವಾ ನಾನು ಅಂದದ್ದನ್ನು ಇಷ್ಟು ವರ್ಷದ ಮೇಲೆ ಅವನ ಬಾಯಿಗಿಟ್ಟೆನೇ, ಒಮ್ಮೆಯಾದರೂ ಅವನು ಹಾಗೆ ಮಾತಾಡಿರಲಿ ಎಂಬ ಆಸೆಗೆ? ಗೂಡಿನ ವಿಳಾಸವನ್ನು ಟಿವಿ ಜೋಡಿಸಿ ಪರೀಕ್ಷಿಸಬಹುದು. ಇದಕ್ಕೆ ಎಲ್ಲಿ ಏನು ಜೋಡಿಸಲಿ?

ಕಿತ್ತ ಸಾಲನ್ನು ಮತ್ತೆ ಹಾಕಿದೆ. ಟಿವಿ ಬೆಳಗಿತು. ಬರೆದೆ: "ಮೂರನೆಯದು ಬೇರೆ ಇದೆ. ಕಾರ್ಡಿನ ಮೇಲೆ ಪರೀಕ್ಷಿಸಿದ್ದೇನೆ. ಆ ಸಾಲು ಹಾಗೇ ಇರಲಿ."

ವೀರೇಶನ ಉತ್ತರ ಬೇಗ ಬಂತು: "ನನಗೆ ಇದು ಗೊತ್ತೇ ಇರಲಿಲ್ಲ. ಧನ್ಯವಾದ, ಮೇಡಂ."

ಗೊತ್ತೇ ಇರಲಿಲ್ಲವಂತೆ. ಹಾಗಾದರೆ ಅವತ್ತು ಅವನು ಹಾಗೆ ಅಂದೇ ಇಲ್ಲ, ಸಾಲು ಪೂರ್ತಿ ನನ್ನದೇ. ಮಸ್ಕಿಯ ಆ ಖೋಲಿಯಲ್ಲಿ ನಾನು ಕೇಳಿದ್ದು ಇಷ್ಟನ್ನೇ ಅಲ್ಲವೇ? ಈಗ ಸಿಕ್ಕಿತು; ಬೆನ್ನ ಹಿಂದೆ ತಾಟು ಹಿಡಿದು ನಿಂತವನು ಹೋದ.

ಅವ್ವ ಬಂದು ಟಿವಿ ನೋಡಿದಳು. "ಆತೇನು? ಬಿಚ್ಚಿ ಕೊಡ್ತೀಯೇನು?"

"ಜರಾ ತಡಿಯವ್ವಾ" ಎಂದೆ. ಕೈ ವೈರಿನ ಮೇಲೇ ಇತ್ತು.